ಶೇಖಮ್ಮನ ಹೊಟ್ಟೆಯ ಗಂಟು

ಮಸ್ಕಿ
ನವೆಂಬರ್ 12, 1995

ಪಂಪಮ್ಮಾ,

ಮನೆಯಲ್ಲಿ ಎಲ್ಲರೂ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅದನ್ನೇ ಕ್ಷೇಮ ಅಂತ ತಿಳಿ. ನಿನ್ನ ಸೋದರಮಾವ ಅಮರಗುಂಡಪ್ಪ ಬೀಜ-ಗೊಬ್ಬರದ ಅಂಗಡಿಗೆ ಹೊಸ ಬೋರ್ಡು ಬರೆಸಿದ್ದಾನೆ. ಅಕ್ಷರ ದೊಡ್ಡವಾಗಿವೆ, ವ್ಯಾಪಾರ ಇದ್ದಷ್ಟೇ ಇದೆ.

ಅವನ ಮಗಳು ಶೇಖಮ್ಮನನ್ನು ಲಿಂಗಸುಗೂರಿನ ಸೂಗಪ್ಪನ ಮಗನಿಗೆ ಕೊಡುವುದು ಗೊತ್ತಾದದ್ದು ನಿನಗೆ ತಿಳಿದದ್ದೇ. ಯುಗಾದಿಯ ಒಳಗೆ ಅಕ್ಕಿಕಾಳು ಬೀಳಬೇಕು ಅಂತ ಸೂಗಪ್ಪನ ಹಟ. ಈಗ ಒಂದು ತೊಡಕಾಗಿದೆ. ಹುಡುಗಿಯ ಹೊಟ್ಟೆ ಮುಂದೆ ಬರುತ್ತಿದೆ. ಮೊದಮೊದಲು ಕೂತು ಉಂಡ ಹೊಟ್ಟೆ ಅಂತ ಹಂಗಿಸಿದೆ. ದೀಪಾವಳಿಯ ದಿನ ಎಣ್ಣೆ ತಿಕ್ಕುವಾಗ ಕೈಗೆ ಸಿಕ್ಕಿತು. ಹೊಕ್ಕುಳ ಕೆಳಗೆ ಸುಲಿದ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ.

"ಏನ್ಬೇ ಇದು?" ಅಂದೆ.

"ಗೊತ್ತಿಲ್ಲ ಆಯಿ. ತಿಂಗಳಾ ಬಾಳ ಹೋಗಾಕತ್ತೈತಿ, ನಿಲ್ಲಂಗೇ ಇಲ್ಲ" ಅಂದಳು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಅಂದರೆ, "ನೀ ಬೈತಿದ್ದಿ" ಅಂತಾಳೆ. ನಾನೇನು ಬೈಯುವವಳೇ?

ನಳದ ಹತ್ತಿರ ಹೆಂಗಸರು ಇವಳ ಮುಖ ನೋಡುವುದು ಬಿಟ್ಟು ಸೆರಗು ನೋಡುತ್ತಾರೆ. ನಿನ್ನ ಅತ್ತೆ, ಅದೇ ನನ್ನ ಸೊಸೆ, ಅಳುವುದಕ್ಕೆ ಶುರು ಮಾಡಿದ್ದಾಳೆ. ಅದೊಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತದೆ. ಸಿಂಧನೂರಿನ ದವಾಖಾನೆಗೆ ಹೋಗಿ ಬಂದೆವು. ಗರ್ಭಚೀಲದಲ್ಲಿ ಗಂಟು ಐತಿ, ಕೊಯ್ಯಬೇಕು ಅಂದಳು ಡಾಕ್ಟರಬಾಯಿ.

ನೀನು ಹೈದರಾಬಾದಿನಲ್ಲಿ ಕೂತು ಗಂಟುಗಳದ್ದೇ ಓದುತ್ತಿದ್ದೀ. ನಿನ್ನ ಅವ್ವ ಹೋದ ಮೇಲೆ ನಿನ್ನನ್ನು ಬೆಳೆಸಿದವಳು ನಾನು, ನನಗೆ ಖರೇ ಹೇಳು. ಗಂಡಿನ ಸಂಗ ಇಲ್ಲದೆ ಹೊಟ್ಟೆಯಲ್ಲಿ ಹೀಗೆ ತಾನೇ ತಾನಾಗಿ ಬೆಳೆಯುತ್ತದೆಯೋ? ನಾಚಿಕೆ ಬಿಟ್ಟು ಕೇಳಿದ್ದೇನೆ, ನಾಚಿಕೆ ಬಿಟ್ಟು ಬರಿ.

ಬಸವಣ್ಣೆಮ್ಮ


ಹೈದರಾಬಾದು
ನವೆಂಬರ್ 20, 1995

ಪ್ರೀತಿಯ ಆಯಿ,

ಬೆಳೆಯುತ್ತದೆ. ಇದಕ್ಕೂ ಗಂಡಿಗೂ ಸಂಬಂಧವೇ ಇಲ್ಲ. ಎಷ್ಟೋ ಹೆಂಗಸರ ಗರ್ಭಚೀಲದಲ್ಲಿ ಇಂಥ ಗಂಟುಗಳಿರುತ್ತವೆ, ಬಹಳ ಜನಕ್ಕೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಶೇಖಮ್ಮನ ವಯಸ್ಸಿಗೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕ್ಯಾನ್ಸರ್ ಅಲ್ಲ, ಜೀವಕ್ಕೆ ಅಪಾಯವಿಲ್ಲ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೋ. ಗಂಟನ್ನಷ್ಟೇ ಬಿಡಿಸಿ ತೆಗೆಯಬಹುದು. ಗರ್ಭಚೀಲವನ್ನೇ ತೆಗೆಯೋಣ ಅಂದರೆ ಒಪ್ಪಬೇಡ.

ಇನ್ನೊಂದು ಮಾತು. ನಮ್ಮ ಪ್ರಯೋಗಾಲಯಕ್ಕೆ ಗಂಟಿನ ಒಂದು ತುಣುಕು ಬೇಕು. ಅದರ ಒಳಗೆ ಏನು ನಡೆದಿದೆ ಅಂತ ನಾನೇ ನೋಡುತ್ತೇನೆ. ಸ್ಪಿರಿಟ್ಟಿನಲ್ಲಿ ಹಾಕಿದರೆ ಸತ್ತುಹೋಗುತ್ತದೆ, ಜೀವಂತ ಬೇಕು. ಹೈದರಾಬಾದ್ ಬಸ್ಸಿನ ಕಂಡಕ್ಟರ್ ನಮ್ಮ ಮಸ್ಕಿಯ ಹಸನ್‌ಸಾಬ್ ಇದ್ದಾನಲ್ಲ, ಅವನ ಕೈಯಲ್ಲಿ ಫ್ಲಾಸ್ಕು ಕಳಿಸುತ್ತೇನೆ. ಒಳಗೆ ಮಂಜುಗಡ್ಡೆ, ನಡುವೆ ಗುಲಾಬಿ ಬಣ್ಣದ ನೀರಿನ ಶೀಶೆ. ಡಾಕ್ಟರು ತುಣುಕನ್ನು ಅದರಲ್ಲಿ ಹಾಕಿ, ಬೇರೆ ಶೀಶೆಯಲ್ಲಿ ಅವಳ ಸ್ವಲ್ಪ ರಕ್ತ ಇಟ್ಟರೆ ಸಾಕು, ಅವರಿಗೂ ಬರೆದಿದ್ದೇನೆ.

ಯುಗಾದಿಗೆ ಬರುತ್ತೇನೆ. ನಿನ್ನ ಹತ್ತಿರ ಮಾತಾಡುವುದಿದೆ.

ನಿನ್ನ ಪಂಪಮ್ಮ


ಮಸ್ಕಿ
ಡಿಸೆಂಬರ್ 14, 1995

ಪಂಪಮ್ಮಾ,

ಕೊಯ್ದರು, ಹೊಲಿದರು, ಹುಡುಗಿ ಬದುಕಿದ್ದಾಳೆ. ನೀನು ಹೇಳಿದ ಹಾಗೇ ಆಯಿತು. "ಗರ್ಭಚೀಲ ತೆಗೆದುಬಿಟ್ರೆ ಮುಂದೆ ತ್ರಾಸಿಲ್ಲಮ್ಮ" ಅಂದಳು ಡಾಕ್ಟರಬಾಯಿ.

"ಬಾಯಾರ, ಹಲ್ಲು ನೋಯ್ತದಂತ ಬಂದ್ರ ದವಡಿ ಕಿತ್ತು ಕೊಡ್ತೀರೇನ್ರಿ?" ಅಂದೆ. ನಕ್ಕಳು. ನಕ್ಕವರ ಹತ್ತಿರ ಕೆಲಸ ಮಾಡಿಸುವುದು ಸುಲಭ. ಗಂಟನ್ನಷ್ಟೇ ತೆಗೆದಳು, ಬಟ್ಟಲಲ್ಲಿಟ್ಟು ತೋರಿಸಿದಳು. ಬೆಳ್ಳಗೆ, ನೂಲು ಸುತ್ತಿದ ಉಂಡೆಯ ಹಾಗೆ. ಅಮರಗುಂಡಪ್ಪನನ್ನು ಕರೆದೆ, "ನೋಡು ಬಾರಪಾ" ಅಂದೆ. ಅವನು ಗೋಡೆಯ ಕ್ಯಾಲೆಂಡರು ನೋಡಿದ.

ತುಣುಕು, ರಕ್ತ ಎರಡನ್ನೂ ತಂದು ಹಸನ್‌ಸಾಬನಿಗೆ ನಾನೇ ಕೊಟ್ಟೆ. ಬಸ್ಸಿನಲ್ಲಿ ಯಾರೋ ಒಬ್ಬ, "ಕಂಡಕ್ಟರ್ ಸಾಬ್, ಫ್ಲಾಸ್ಕಿನ್ಯಾಗ ಚಾ ಐತೇನು, ಒಂದು ಗುಟುಕು ಹಾಕ್ರಿ" ಅಂದನಂತೆ. "ಕುಡೀರಿ, ಕುಡಿದ್ರ ಹೆಣ್ಣಾಗ್ತೀರಿ" ಅಂದನಂತೆ ಇವನು. ಹೈದರಾಬಾದ್ ತನಕ ಆ ಸೀಟಿನ ಸುತ್ತ ಯಾರೂ ಕೂಡಲಿಲ್ಲವಂತೆ.

ನಗುವ ಮಾತು ಇಷ್ಟೇ. ಸೂಗಪ್ಪ ಬೀಗನೂ ದವಾಖಾನೆಗೆ ಬಂದಿದ್ದ. ಮೂಸಂಬಿ ತಂದಿದ್ದ, ಕೊಡಲಿಲ್ಲ. ಅತ್ತಿತ್ತ ನೋಡಿ, "ಹುಡುಗ್ಯಾರು ಬಂದು ಹಗುರಾಗಿ ಹೋಗೋದು ಇಂಥಲ್ಲೇ ಅಂತಾರಲ್ರಿ?" ಅಂದ. ಹಗುರ ಆಗಲಿಕ್ಕೆ ಮೊದಲು ಭಾರ ಆಗಬೇಕಲ್ಲಪಾ ಅಂದೆ. "ಭಾರ ಇತ್ತಲ್ರಿ, ಎಲ್ಲಾರೂ ನೋಡೀವಿ" ಅಂದ. ಡಾಕ್ಟರ ಕಾಗದ ತೋರಿಸಿದರೆ, ರೊಕ್ಕ ಕೊಟ್ಟರೆ ಅವರು ಏನು ಬೇಕಾದರೂ ಬರೆಯುತ್ತಾರೆ ಅಂತಾನೆ.

ನಮ್ಮಲ್ಲಿ ತಿಂಗಳಾದರೆ ಹೊರಗೆ ಕೂಡುವ ಪದ್ಧತಿ ಇಲ್ಲ. ಅದು ನಮಗೆ ಹೆಮ್ಮೆ. ಈಗ ನೋಡು, ಇವಳು ಹೊರಗೆ ಕೂತಿದ್ದರೆ ಓಣಿಯ ನಾಲ್ಕು ಜನ ಕಂಡಿರುತ್ತಿದ್ದರು, ತಿಂಗಳು ನಿಂತಿರಲಿಲ್ಲ ಅಂತ ಸಾಕ್ಷಿ ಹೇಳುತ್ತಿದ್ದರು. ಒಳ್ಳೆಯ ಪದ್ಧತಿಗೆ ಸಾಕ್ಷಿ ಸಿಗುವುದಿಲ್ಲ.

ಅದಕ್ಕೆ ನೀನು ಒಂದು ಕಾಗದ ಬರಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಗಂಟು ಅಂದರೇನು, ಯಾಕೆ ಬಂತು, ಏನೂ ಮುಚ್ಚದೆ ಬರಿ. ದೂರದ ಕಾಗದ ಬಂದರೆ ಅಂಗಡಿಯ ಮುನೀಮ ಗ್ಯಾನಪ್ಪ ಗಟ್ಟಿಯಾಗಿ ಓದುವುದು ನನ್ನ ಮಾವನವರ ಕಾಲದಿಂದ ನಡೆದು ಬಂದದ್ದು. ಸೂಗಪ್ಪನನ್ನು ಕರೆಸುತ್ತೇನೆ, ನಾಲ್ಕು ಹಿರಿಯರನ್ನೂ ಕೂಡಿಸುತ್ತೇನೆ. ರೊಕ್ಕ ತೆಗೆದುಕೊಳ್ಳದವಳ ಮಾತು ಕೇಳಲಿ.

ಶೇಖಮ್ಮ ಒಳಕೋಣೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಳೆ.

ಬಸವಣ್ಣೆಮ್ಮ


ಹೈದರಾಬಾದು
ಜನವರಿ 19, 1996

ಪ್ರೀತಿಯ ಆಯಿಗೂ, ಅಮರಗುಂಡಪ್ಪ ಮಾಮನಿಗೂ, ಕೂಡಿದ ಹಿರಿಯರಿಗೂ ಪಂಪಮ್ಮಳ ಶರಣು.

ಶೇಖಮ್ಮನ ಗಂಟಿನ ತುಣುಕು ಇಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಯಿತು. ಸೂಕ್ಷ್ಮದರ್ಶಕದಲ್ಲಿ ನಾನೇ ನೋಡಿದ್ದೇನೆ. ನೋಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಪುಸ್ತಕದಲ್ಲಿ ಓದಿದ್ದು ಕಣ್ಣ ಮುಂದೆ ಇತ್ತು.

ನಮ್ಮ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಒಂದೊಂದು ಕೋಶದಲ್ಲೂ ನಲವತ್ತಾರು ಎಳೆಗಳಿವೆ. ಆ ಎಳೆಗಳ ಮೇಲೆ ಜೀನುಗಳು ಸಾಲಾಗಿ ಕೂತಿವೆ. ಮೈ ಹೇಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಅವೇ. ಶೇಖಮ್ಮನ ಗಂಟಿನಲ್ಲಿ ಹನ್ನೆರಡನೆಯ ಎಳೆಯ ತುದಿ ಮುರಿದು ಹದಿನಾಲ್ಕನೆಯದಕ್ಕೆ ಅಂಟಿದೆ, ಹದಿನಾಲ್ಕರದು ಹನ್ನೆರಡಕ್ಕೆ ಬಂದಿದೆ. ಹೊರಗಿನದು ಏನೂ ಸೇರಿಲ್ಲ, ಒಳಗಿನದು ಏನೂ ಕಳೆದಿಲ್ಲ. ಕೂರಿಗೆಯಲ್ಲಿ ಬಿತ್ತುವಾಗ ಜೋಳದ ಸಾಲಿಗೆ ತೊಗರಿ, ತೊಗರಿಯ ಸಾಲಿಗೆ ಜೋಳ ಬಿದ್ದ ಹಾಗೆ. ಬೀಜ ನಮ್ಮದೇ, ಸಾಲು ತಪ್ಪಿದೆ.

ಎಳೆ ಮುರಿದ ಜಾಗದ ಹತ್ತಿರ ಒಂದು ಜೀನ್ ಇದೆ. ಹೋದ ವರ್ಷವಷ್ಟೇ ಪರದೇಶದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಗರ್ಭದಲ್ಲಿ ಕೂಸು ಬೆಳೆಯುವಾಗ ಆ ಜೀನ್ ಎಚ್ಚರವಾಗಿರುತ್ತದೆ. ಕೂಸು ಹುಟ್ಟಿದ ಮೇಲೆ ನಿದ್ದೆ ಹೋಗುತ್ತದೆ. ಎಳೆಗಳು ಅದಲುಬದಲಾದದ್ದರಿಂದ ಶೇಖಮ್ಮನ ಗಂಟಿನಲ್ಲಿ ಅದು ಎಚ್ಚರವಾಗಿರಬೇಕು. ಅದಕ್ಕೇ ಗಂಟು ಬೆಳೆಯಿತು.

ಈ ಅದಲುಬದಲು ಆ ಗಂಟಿನಲ್ಲಿ ಮಾತ್ರ ಆದದ್ದು. ಅವಳ ರಕ್ತದ ಎಳೆಗಳು ಸರಿಯಾಗಿವೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಅವಳ ಮಕ್ಕಳಿಗೆ ಹೋಗುವುದೂ ಅಲ್ಲ. ಯಾರ ತಪ್ಪಿನಿಂದಲೂ ಆದದ್ದಲ್ಲ.

ಪಂಪಮ್ಮ


ಮಸ್ಕಿ
ಫೆಬ್ರವರಿ 3, 1996

ಪಂಪಮ್ಮಾ,

ನಿನ್ನ ಕಾಗದ ಓದಿಸಿದೆ. ಓದಿಸಿದ ಮೇಲೆ ಮುಖವನ್ನು ಎಲ್ಲಿಡಲಿ ಅಂತ ಗೊತ್ತಾಗುತ್ತಿಲ್ಲ.

ಅಂಗಡಿಯ ಕಟ್ಟೆಗೆ ಜಮಖಾನೆ ಹಾಸಿದ್ದೆ. ಸೂಗಪ್ಪ, ಅವನ ಕಡೆಯ ಇಬ್ಬರು, ನಮ್ಮ ಓಣಿಯ ಹಿರಿಯರು. ನಾನು ಒಳಬಾಗಿಲಲ್ಲಿ ಕೂತೆ. ಗ್ಯಾನಪ್ಪ ಕನ್ನಡಕ ಒರೆಸಿ ಪುರಾಣ ಓದುವ ದನಿ ತೆಗೆದ. ಎಳೆ ಅಂದಾಗ ತಲೆ ಆಡಿಸಿದರು. ಕೂರಿಗೆ ಅಂದಾಗ ಎಲ್ಲರಿಗೂ ತಿಳಿಯಿತು. ಸಾಲು ತಪ್ಪುವುದು ಹಾಗಲ್ಲ, ನೀನು ಒಂದು ದಿನವೂ ಕೂರಿಗೆ ಹಿಡಿದವಳಲ್ಲ, ಆದರೂ ಇರಲಿ ಅಂದುಕೊಂಡೆ. ಆಮೇಲೆ ಆ ಮಾತು ಬಂತು. ಗರ್ಭದಲ್ಲಿ ಕೂಸು ಬೆಳೆಯುವಾಗ ಎಚ್ಚರ, ಶೇಖಮ್ಮನ ಗಂಟಿನಲ್ಲೂ ಎಚ್ಚರ. ಗ್ಯಾನಪ್ಪನ ದನಿ ಸಣ್ಣಗಾಯಿತು.

"ಇನ್ನೊಮ್ಮಿ ಓದಪಾ" ಅಂದ ಸೂಗಪ್ಪ.

ಓದಿದ.

"ಕೇಳಿದ್ರೇನ್ರಿ? ಕೂಸು ಬೆಳಿಯೋ ಮುಂದ ಏಳ್ತೈತಂತ. ಇಕಿ ಹೊಟ್ಟ್ಯಾಗ ಎದ್ದೈತಂತ. ನಾ ಅಂದಿದ್ದಲ್ಲ, ನಿಮ್ಮ ಮನಿ ಕಲ್ತ ಹುಡುಗಿ ಬರದಾಳ."

"ಮುಂದ ಓದಾಕ ಬಿಡೋ ಸೂಗಪ್ಪ" ಅಂದೆ.

"ಮುಂದೇನೈತ್ರಿ ಅಮ್ಮ, ಮುಂದ ತೊಟ್ಟಿಲ" ಅಂದ ಅವನ ಕಡೆಯವನೊಬ್ಬ. ನಮ್ಮ ಓಣಿಯವನೇ ಒಬ್ಬ ನಕ್ಕ. ಚಹಾ ಹಾಗೇ ಬಿಟ್ಟು ಎದ್ದರು. ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದಲ್ಲ ಅಂತ ನೀನು ಬರೆದ ಕೊನೆಯ ಮಾತನ್ನು ಗ್ಯಾನಪ್ಪ ಖಾಲಿ ಜಮಖಾನೆಗೆ ಓದಿ ಮುಗಿಸಿದ.

ಕೂಸು ಅಂದೆಯಲ್ಲ, ಯಾರ ಕೂಸು ಅಂತ ಯಾಕೆ ಬರೆಯಲಿಲ್ಲ? ಶೇಖಮ್ಮ ತಾನು ಕೂಸಾಗಿದ್ದಾಗ ತನ್ನ ಮೈಯಲ್ಲಿ ಎಚ್ಚರವಿದ್ದದ್ದು ಅಂತ ತಾನೆ ನಿನ್ನ ಅರ್ಥ? ನನಗೆ ಎರಡು ದಿನ ಕೂತು ಯೋಚಿಸಿದ ಮೇಲೆ ಹೊಳೆಯಿತು. ಅವರು ಎರಡು ದಿನ ಕೂಡುವವರಲ್ಲ. ನಿನ್ನ ಕಾಗದದಲ್ಲಿ ಗಂಟು ಸಿಕ್ಕ ಸಂಭ್ರಮ ಎಷ್ಟಿದೆ! ಹುಡುಗಿ ಹೇಗಿದ್ದಾಳೆ ಅಂತ ಒಂದು ಸಾಲು ಇಲ್ಲ.

ಅಮರಗುಂಡಪ್ಪ ಕಾಗದ ಮಡಚಿ ಗಲ್ಲಾಪೆಟ್ಟಿಗೆಗೆ ಹಾಕಿದ, ನನ್ನ ಕಡೆ ನೋಡಲಿಲ್ಲ. ಮರುವಾರವೇ ಗುರುಗುಂಟಾದ ಬಸ್ಸಪ್ಪನ ಮನೆಗೆ ಹೋಗಿ ಬಂದ. ಬಸ್ಸಪ್ಪನ ಹೆಂಡತಿ ತೀರಿದ್ದಾಳೆ, ಹೆಣ್ಣುಮಕ್ಕಳಿದ್ದಾರೆ, ಗಂಡುಮಗ ಬೇಕಂತೆ. ವಯಸ್ಸು ಅಮರಗುಂಡಪ್ಪನದೇ ಇರಬೇಕು. "ಹಿಂದಿಂದು ಕೇಳಂಗಿಲ್ಲ ಅಂದಾನ" ಅಂತ ನನ್ನ ಮಗ ಉಪಕಾರ ಹೊತ್ತವನ ಹಾಗೆ ಹೇಳಿದ.

ಶೇಖಮ್ಮ ಒಳಕೋಣೆಯಲ್ಲಿದ್ದಾಳೆ. ಉಣ್ಣುತ್ತಾಳೆ.

ಬಸವಣ್ಣೆಮ್ಮ


ಹೈದರಾಬಾದು
ಫೆಬ್ರವರಿ 11, 1996

ಆಯಿ,

ನಿನ್ನ ಪತ್ರ ಓದಿದೆ. ನೀನು ಹಿಡಿದ ಅರ್ಥವೇ ಸರಿ. ಆ ಜೀನ್ ಅವಳ ತಾಯಿಯ ಹೊಟ್ಟೆಯಲ್ಲಿ ಅವಳನ್ನೇ ಬೆಳೆಸಿದ್ದು. ನನಗೂ ಇದೆ, ನಿನಗೂ ಇದೆ, ಸೂಗಪ್ಪನಿಗೂ ಇದೆ. ಇಲ್ಲಿ ನಾವೆಲ್ಲ ಹಾಗೇ ಮಾತಾಡುತ್ತೇವೆ, ಯಾರ ಕೂಸು ಅಂತ ಯಾರೂ ಕೇಳುವುದಿಲ್ಲ. ನಾನು ಇಲ್ಲಿಯವರಿಗೆ ಬರೆದಂತೆ ಬರೆದುಬಿಟ್ಟೆ.

ನಾನೇ ಬಂದು ಹೇಳುತ್ತೇನೆ. ಫೋಟೋ ತರುತ್ತೇನೆ, ಎಳೆಗಳನ್ನು ತೋರಿಸುತ್ತೇನೆ. ಗಂಟಿನ ಎಳೆಗಳೆಲ್ಲ ಅವಳವೇ, ಕೂಸಾಗಿದ್ದರೆ ಅರ್ಧ ಗಂಡಸಿನದಿರುತ್ತಿತ್ತು ಅಂತ ಸಾಬೀತು ಮಾಡಿಸಬಹುದು. ಸಮಯ ಹಿಡಿಯುತ್ತದೆ, ಆದರೆ ಆಗುತ್ತದೆ. ಅಷ್ಟರವರೆಗೆ ಆ ಮದುವೆ ನಿಲ್ಲಿಸು.

ನೀನು "ಒಳಕೋಣೆಯಲ್ಲಿ" ಅಂತ ಎರಡು ಸಲ ಬರೆದೆ. ನಿನ್ನೆ ಹಸನ್‌ಸಾಬ್ ಬಂದಿದ್ದ. ಟೋಪಿ ಕೈಯಲ್ಲಿ ತಿರುಗಿಸುತ್ತಾ ಹೇಳಿದ: "ತಂಗಿ, ನಿಮ್ಮ ಮನ್ಯಾಗ ಆ ಹುಡುಗೀನ್ನ ಕೀಲಿ ಹಾಕಿಟ್ಟಾರ. ದವಾಖಾನಿಯಿಂದ ಬಂದಾಗಿಂದ. ಕೀಲಿಕೈ ಅಮ್ಮಾರ ಸೊಂಟದಾಗ ನೋಡೀನಿ."

ಯಾವ ಅಮ್ಮ ಅಂತ ಕೇಳಲಿಲ್ಲ. ನಮ್ಮ ಮನೆಯಲ್ಲಿ ಸೊಂಟಕ್ಕೆ ಕೀಲಿ ಸಿಕ್ಕಿಸುವವಳು ನೀನೊಬ್ಬಳೇ.

ಪಂಪಮ್ಮ


ಮಸ್ಕಿ
ಫೆಬ್ರವರಿ 26, 1996

ಪಂಪಮ್ಮಾ,

ಹೌದು, ನನ್ನ ಸೊಂಟದಲ್ಲೇ ಇತ್ತು. ಕೀಲಿ ಹಾಕಲೇಬೇಕು ಅಂತ ಅವಳಪ್ಪ ಹಟ ಹಿಡಿದಾಗ ಕೀಲಿಕೈಯನ್ನು ನಾನು ಇಸಿದುಕೊಂಡೆ. ಅವನ ಹತ್ತಿರ ಇದ್ದರೆ ಆ ಬಾಗಿಲು ಮದುವೆಯ ದಿನ ತೆರೆಯುತ್ತಿತ್ತು. ನನ್ನ ಹತ್ತಿರ ಇದ್ದುದರಿಂದ ಅವನು ಅಂಗಡಿಗೆ ಹೋದಾಗಲೆಲ್ಲ ತೆರೆಯುತ್ತಿತ್ತು. ತೆರೆದು ಏನು ಮಾಡಲಿ? "ಹೊರಗ ಬಾರಬೇ" ಅಂದರೆ, "ಎಲ್ಲಿಗೆ ಬರ್ಲಿ ಆಯಿ? ನಳಕ್ಕೋ, ಬಜಾರಕ್ಕೋ?" ಅನ್ನುವಳು. ಮತ್ತೆ ಕೀಲಿ ಹಾಕುತ್ತಿದ್ದೆ.

ಫೋಟೋ ತರುತ್ತೇನೆ ಅಂದೆ. ತರಬೇಡ. ನೀನು ಸಾಬೀತು ಮಾಡುವ ಹೊತ್ತಿಗೆ ಅವಳು ಗುರುಗುಂಟಾದಲ್ಲಿ ಎರಡು ಹಡೆದಿರುತ್ತಾಳೆ. ಇಲ್ಲಿಯವರಿಗೆ ತಿಳಿಯುವ ಮಾತು ಬೇರೆ. ಅದನ್ನು ನಾನು ಆಡಿದ್ದೇನೆ.

ಮೊನ್ನೆ ಬಸ್ಸಪ್ಪನೂ ಅವನ ಕಡೆಯವರೂ ವೀಳ್ಯಕ್ಕೆ ಬಂದರು. ಎಲೆಯಡಿಕೆ ತಟ್ಟೆ ಹಿಡಿದು ನಾನೇ ಹೋಗಿ ಗಂಡಸರ ಜಮಖಾನೆಯ ಮೇಲೆ ಕೂತೆ. ಅಮರಗುಂಡಪ್ಪ ಕೆಮ್ಮಿದ. ಕೆಮ್ಮಲಿ.

"ಬಸ್ಸಪ್ಪ, ನಿನಗ ಗಂಡುಮಗ ಬೇಕಂತಲ್ಲಪಾ?"

"ಹೌದ್ರಿ ಅಮ್ಮ. ಹೊಲ ನೋಡಾಕ ಒಬ್ಬಾಂವ ಬೇಕಲ್ರಿ."

"ಹಂಗಾರ ನೀ ಕೇಳಿ ತಿಳ್ಕೊಂಡು ಹೋಗು, ಆಮ್ಯಾಲೆ ಮುದುಕಿ ಹೇಳ್ಲಿಲ್ಲ ಅನಬ್ಯಾಡ. ಆ ಗಂಟು ನನ್ನ ಕಡಿಂದ ಬಂದದ್ದು. ನಮ್ಮವ್ವನ ಹೊಟ್ಟ್ಯಾಗಿತ್ತು. ನನ್ನ ಹೊಟ್ಟ್ಯಾಗ ಬಂತು, ಬಸುರಿ ಅಂತ ನನಗೂ ಅಂದ್ರು. ಈಗ ಇಕಿಗೆ ಬಂದೈತಿ. ನಮ್ಮ ಬಳ್ಳಿಯ ಹೆಣ್ಣಿಗೆಲ್ಲಾ ಬರ್ತೈತಿ. ತಗದ್ರ ಮತ್ತ ಬೆಳಿತೈತಿ."

"ನಿಮಗ ಮಗ ಹುಟ್ಯಾನಲ್ರಿ?"

"ಹುಟ್ಯಾನ. ಎದುರಿಗೆ ಕುಂತಾನ, ನೋಡು ಹೆಂಗ ಹುಟ್ಯಾನ."

ಯಾರೂ ನಗಲಿಲ್ಲ. ಬಸ್ಸಪ್ಪ ಕೈಯಲ್ಲಿದ್ದ ಎಲೆಯನ್ನು ಮೆಲ್ಲಗೆ ತಟ್ಟೆಗೆ ಇಟ್ಟ. ಎದ್ದು ಹೋಗುವಾಗ, "ನಿಮ್ಮ ಹೈದರಾಬಾದಿನ ಮೊಮ್ಮಗಳು ಇದನ್ನ ಓದ್ತಾಳಂತಲ್ಲ. ತೊಗರಿ ಮಾರಾಕ ಹೊಂಟೀನಿ, ಅಕೀನ್ನ ಕೇಳಿ ಖಾತ್ರಿ ಮಾಡ್ಕೊಂತೀನಿ" ಅಂದ.

ಅವರು ಹೋದ ಮೇಲೆ ಅಮರಗುಂಡಪ್ಪ ಬಾಗಿಲ ಹತ್ತಿರ ನಿಂತ. "ಖರೇ ಏನಬೇ ಅವ್ವ?"

"ಖರೇ."

"ಹಂಗಾರ ಕೂಸಲ್ಲ." ಇನ್ನೊಮ್ಮೆ ಅಂದ, "ಕೂಸಲ್ಲ ಹಂಗಾರ." ಡಾಕ್ಟರಬಾಯಿ ಹೇಳಿದಾಗ ನಂಬಲಿಲ್ಲ, ನೀನು ಬರೆದಾಗ ನಂಬಲಿಲ್ಲ, ನಾನು ಸುಳ್ಳು ಹೇಳಿದ ಕೂಡಲೇ ನಂಬಿದ. ಕೀಲಿಕೈ ಕೇಳಿ ಇಸಿದುಕೊಂಡು ತಾನೇ ಬಾಗಿಲು ತೆರೆದ.

ನೀನು ಬರೆದದ್ದಕ್ಕೆ ಇದು ಪೂರಾ ಉಲ್ಟಾ ಅಂತ ನನಗೆ ಗೊತ್ತು. ಬಳ್ಳಿಯಲ್ಲಿ ಬರುವುದಲ್ಲ, ಆ ಗಂಟಿನಲ್ಲೇ ಹುಟ್ಟಿದ್ದು ಅಂತ ನೀನು ಬಿಡಿಸಿ ಬರೆದಿದ್ದೀ. ಬಸ್ಸಪ್ಪ ಬಂದಾಗ ನೀನು ಹೌದು ಅನ್ನಬೇಕು. ಅಲ್ಲ ಅಂದರೆ ಮತ್ತೆ ಕೂಸಿನ ಮಾತು ಏಳುತ್ತದೆ. ಇದರಿಂದ ಯಾರಿಗೆ ಏನು ನಷ್ಟ, ನನಗೆ ಎಪ್ಪತ್ತು ದಾಟಿದೆ.

ಬಸವಣ್ಣೆಮ್ಮ


ಹೈದರಾಬಾದು
ಮಾರ್ಚ್ 17, 1996

ಆಯಿ,

ಬಸ್ಸಪ್ಪ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವನ ಹಾಗೆ ಬಂದ. "ತಂಗಿ, ನಿಮ್ಮ ಬಳ್ಳಿಯ ಹೆಣ್ಮಕ್ಕಳಿಗೆಲ್ಲಾ ಗಂಟು ಬರ್ತೈತಂತ, ಹೌದೇನು?" ಅಂತ ಕೇಳಿದ. ಕೆಟ್ಟವನಲ್ಲ. ನನ್ನ ಮೇಜಿನ ಮೇಲೆ ಶೇಖಮ್ಮನ ಎಳೆಗಳ ಫೋಟೋ ಇತ್ತು. ಅದರ ಮೇಲೆ ಪುಸ್ತಕ ಇಟ್ಟು, "ಹೌದು" ಅಂದೆ.

"ನಿಮಗೂ ಬರ್ತೈತೇನು?" ಅಂದ.

"ನನಗೂ" ಅಂದೆ.

ಯಾರಿಗೆ ಏನು ನಷ್ಟ ಅಂತ ನೀನು ಕೇಳಿದ್ದೀ. ಯುಗಾದಿಗೆ ಬಂದು ಹೇಳೋಣ ಅಂತ ನಾನು ಒಂದು ಮಾತು ಇಟ್ಟುಕೊಂಡಿದ್ದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಮಾನ್ವಿಯ ಹುಡುಗನೊಬ್ಬನಿದ್ದಾನೆ. ನಮ್ಮವರೇ. ಅವನ ತಾಯಿ ಹಬ್ಬ ಕಳೆದ ಮೇಲೆ ಮಸ್ಕಿಗೆ ಬಂದು ನಿನ್ನ ಹತ್ತಿರ ಕೇಳುವವರಿದ್ದರು. ಬಸ್ಸಪ್ಪನ ತಂಗಿಯನ್ನು ಕೊಟ್ಟದ್ದು ಮಾನ್ವಿಗೆ. ಸುದ್ದಿ ಬಸ್ಸಿಗಿಂತ ಮೊದಲೇ ಹೋಗಿದೆ. ಅವರು ಬರುವುದಿಲ್ಲ. ಯುಗಾದಿಗೆ ನಾನೂ ಬರುವುದಿಲ್ಲ.

ಅವನಿಗೆ ಎಲ್ಲಾ ಗೊತ್ತು ಆಯಿ. ನನ್ನ ಪಕ್ಕದಲ್ಲೇ ಕೂತು ಅದೇ ಎಳೆಗಳನ್ನು ನೋಡಿದವನು. ಅದು ಸುಳ್ಳು ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಇಲ್ಲ. "ನಾನೇನೋ ಬಲ್ಲೆ, ಅವ್ವನಿಗೆ ಹೆಂಗ ತಿಳಿಸ್ಲಿ?" ಅಂದ. ನನಗೆ ಸಿಟ್ಟು ಕೂಡ ಬರಲಿಲ್ಲ. ಅವರು ಎರಡು ದಿನ ಕೂಡುವವರಲ್ಲ ಅಂದ ನಿನ್ನ ಮಾತು ನೆನಪಾಯಿತು.

ಶೇಖಮ್ಮ ಹೊರಗೆ ಬಂದಳಾ? ಈ ಸಲ ಕೇಳುತ್ತಿದ್ದೇನೆ. ಅದಷ್ಟನ್ನೇ ಬರಿ.

ಪಂಪಮ್ಮ


ಸಿಂಧನೂರು, ದವಾಖಾನೆ
ಏಪ್ರಿಲ್ 9, 1996

ಪಂಪಮ್ಮಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಏನು ಬರೆಯಲಿ? ಮಾನ್ವಿಯ ಮಾತು ನೀನು ಬಚ್ಚಿಟ್ಟದ್ದಕ್ಕೆ ಬೈಯೋಣ ಅಂತ ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ಈಗ ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಮ್ಮ ಮನೆಯ ಯಾರಿಗೂ ಏನೂ ಆಗಿಲ್ಲ.

ಶೇಖಮ್ಮ ಕೋಣೆ ಬಿಟ್ಟು ಅಡುಗೆಮನೆಯ ತನಕ ಬಂದಿದ್ದಳು. ಅಲ್ಲಿಂದ ಈಚೆಗೆ ಇಲ್ಲ. ಕೂಸಿನ ಮಾತು ನಿಂತಿತ್ತು. ಇನ್ನು ಯಾರೂ ಈ ಮನೆಯ ಹೆಣ್ಣು ಕೇಳುವುದಿಲ್ಲ ಅಂತ ಅಮರಗುಂಡಪ್ಪನಿಗೂ ಒಂದು ನಿಶ್ಚಿಂತೆ ಬಂದಿತ್ತು. ಎಲ್ಲಾ ಅಡಗಿತು ಅಂದುಕೊಂಡೆ.

ನಿನ್ನೆ ಮುಕ್ಕುಂದದಿಂದ ಮುದುಕಮ್ಮ ಅನ್ನುವವಳು ಬಂದಳು. ಭತ್ತದ ಗದ್ದೆಯ ಮನೆಯವಳು. ಜೊತೆಗೆ ಮಗಳು ಆದಮ್ಮ, ಹದಿನೆಂಟೋ ಹತ್ತೊಂಬತ್ತೋ. ಈ ಬಿಸಿಲಿನಲ್ಲಿ ಮೈತುಂಬ ಚಾದರ ಹೊದ್ದಿದ್ದಳು. ನೋಡಿದ ಕೂಡಲೇ ತಿಳಿಯಿತು.

"ಅಮ್ಮಾರ, ನಿಮಗೂ ಹೊಟ್ಟ್ಯಾಗ ಗಂಟಿತ್ತಂತಲ್ರಿ. ಅದು ಬಳ್ಳಿಯಾಗ ಬರ್ತೈತಂತ ಸುದ್ದಿ."

"ಹೌದು" ಅಂದೆ. ಬೇರೆ ಏನು ಅನ್ನಲಿ?

"ನಮ್ಮ ಬಳ್ಳಿಯಾಗ ಯಾರಿಗೂ ಇಲ್ರಿ. ನಮ್ಮವ್ವಗಿಲ್ಲ, ನನಗಿಲ್ಲ, ನಮ್ಮತ್ತಿ ಕಡಿ ಕೇಳೀನಿ, ಅವರಿಗೂ ಇಲ್ಲ. ಹಂಗಾರ ಇಕಿದು ಗಂಟಲ್ಲ, ಅಲ್ಲೇನ್ರಿ? ಇವರಪ್ಪ ಕೇಳಿ ಬಾ ಅಂದಾನ. ನೀವು ಅಲ್ಲ ಅಂದ್ರ ಇಕೀನ್ನ ಮನೀಗೆ ತರಬ್ಯಾಡ ಅಂದಾನ."

ಆ ಹುಡುಗಿ ನನ್ನ ಬಾಯಿ ನೋಡುತ್ತಾ ನಿಂತಿತ್ತು. ಅಂಗಡಿಯಲ್ಲಿ ಅಮರಗುಂಡಪ್ಪ, ಗ್ಯಾನಪ್ಪ, ಬೀಜಕ್ಕೆ ಬಂದ ರೈತರು. ನಾನು ನಿಜ ಹೇಳಿದರೆ ನಮ್ಮ ಹುಡುಗಿ ಮತ್ತೆ ಒಳಗೆ. ಸುಳ್ಳು ಹೇಳಿದರೆ ಇವಳು ಕಾಲುವೆಯ ಪಾಲು. ಇವರಿಗೆ ನೀರು ಕೊಡಪಾ ಅಂತ ಗ್ಯಾನಪ್ಪನನ್ನು ಎಬ್ಬಿಸಿದೆ.

ಅಷ್ಟರಲ್ಲಿ ಶೇಖಮ್ಮ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ನನ್ನನ್ನು ದಾಟಿ, ಅಂಗಡಿಯ ಕಟ್ಟೆಯ ತನಕ ಬಂದು ನಿಂತಳು.

"ಆಯಿ ಸುಳ್ಳು ಹೇಳ್ಯಾಳ. ಅದು ಬಳ್ಳಿಯಾಗ ಬರೂದಲ್ಲ. ಯಾರಿಂದೂ ಬರೂದಲ್ಲ. ನನ್ನ ಹೊಟ್ಟ್ಯಾಗ ತಾನ ಹುಟ್ಟಿತ್ತು, ತಾನ ಬೆಳೀತು. ನಿನ್ನ ಮಗಳಿಗೂ ಹಂಗ ಆಗಬಹುದು. ದವಾಖಾನಿಗೆ ಕರ್ಕೊಂಡು ಹೋಗು."

"ಶೇಖಾ, ಒಳಗ ನಡಿ" ಅಂದ ಅಮರಗುಂಡಪ್ಪ.

"ಒಳಗಿದ್ದು ಬಂದೀನಪ್ಪ."

"ಮಂದಿ ಮತ್ತ ಕೂಸಂತಾರ."

"ಅನ್ಲಿ. ಕೂಸಲ್ಲ ಅಂತ ನಿನಗ ಆಯಿ ಹೇಳಿದ ಮ್ಯಾಲೆ ತಿಳೀತು. ಅಲ್ಲೀತನಕ ನೀ ನನ್ನ ಒಂದು ಸಲ ಕೇಳಿದ್ದೇನು?"

ಅವನು ಬೀಜದ ಚೀಲ ಎತ್ತಿ ಆ ಕಡೆಯಿಂದ ಈ ಕಡೆಗೆ ಇಟ್ಟ. ಶೇಖಮ್ಮ ಕೈ ತೊಳೆದು ಬಂದು ಆದಮ್ಮನ ಚಾದರ ತೆಗೆದು ಮಡಚಿ ನನ್ನ ಕೈಗೆ ಕೊಟ್ಟಳು. "ಸಿಂಧನೂರಿನ ಬಸ್ ಬೆಳಿಗ್ಗೆ ಐತಿ. ರಾತ್ರಿ ಇಲ್ಲೇ ಇರ್ರಿ" ಅಂದಳು.

ಬೆಳಿಗ್ಗೆ ನಾಲ್ಕೂ ಜನ ಬಸ್ ಹತ್ತಿದೆವು. ಶೇಖಮ್ಮ ನಳದ ಹತ್ತಿರವೇ ಹಾದು ಬಂದಳು. ಹೆಂಗಸರು ನೋಡಿದರು. ಅವಳೂ ನೋಡಿದಳು. ಸಂಜೆ ಮನೆಗೆ ಹೋದರೆ ಅಮರಗುಂಡಪ್ಪ ಬಾಗಿಲು ತೆರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಗಂಟು ಬಳ್ಳಿಯದಲ್ಲ ಅಂತ ಮಾನ್ವಿಯವರಿಗೂ ಸುದ್ದಿ ಮುಟ್ಟೀತು. ನೀನು ಸುಳ್ಳು ಹೇಳಿದೆ ಅಂತಲೂ ಮುಟ್ಟೀತು. ಯಾವುದನ್ನು ಹಿಡಿಯುತ್ತಾರೋ ಅವರ ಪಾಡು.

ಈಗ ಆದಮ್ಮನನ್ನು ಪರೀಕ್ಷೆಗೆ ಕರೆಯಬೇಕು. ಮುದುಕಮ್ಮ ಅಷ್ಟೊತ್ತಿನಿಂದ ಒಂದೇ ಮಾತು ಕೇಳುತ್ತಿದ್ದಾಳೆ. "ಒಳಗ ನೋಡಿ ಕೂಸ ಅಂದ್ರ ಏನ್ ಮಾಡ್ಲೆವ್ವ ತಂಗಿ?"

ನಾನು ಏನಾದರೂ ಹೇಳಿ ಅವಳನ್ನು ಗದರಿಸುವವಳಿದ್ದೆ. ಶೇಖಮ್ಮ ಸಣ್ಣ ದನಿಯಲ್ಲಿ ಅಂದಳು, "ಅಂದ್ರ ಅನ್ಲಿ. ಆವಾಗ್ಲೂ ಮನೀಗೆ ಕರ್ಕೊಂಡು ಹೋಗಬೇ."



ನರ್ಸು ಹೆಸರು ಕೂಗಿದಳು. ತಾಯಿ ಏಳುತ್ತಿಲ್ಲ, ಬೆಂಚು ಗಟ್ಟಿಯಾಗಿ ಹಿಡಿದು ಕೂತಿದ್ದಾಳೆ. ಹುಡುಗಿ ಬಾಗಿಲಲ್ಲಿ ಹಿಂತಿರುಗಿ ನೋಡುತ್ತಿದೆ. ಶೇಖಮ್ಮ ಎದ್ದಳು. ಅವಳ ಹಿಂದೆ ನಾನೂ ಏಳುತ್ತೇನೆ, ಕಾಗದ ನಿಲ್ಲಿಸಿದೆ.

ಬಸವಣ್ಣೆಮ್ಮ